ಮೋಟಾರಿನ ಕಾರ್ಖಾನೆ: ಕಿರ್ಲೋಸ್ಕರ್ ವಿದ್ಯುತ್ ಸಂಸ್ಥೆಯ ಹುಟ್ಟು ಮತ್ತು ಬೆಳವಣಿಗೆ

೧

ಬಾವಿಯಿಂದ ನೀರೆತ್ತುವುದು, ಜೋಳ ಬೀಸುವುದು, ಕಬ್ಬು ಅರೆಯುವುದು, ಮಗ್ಗ ನಡೆಸುವುದು ಮುಂತಾದ ಕೆಲಸಗಳೆಲ್ಲವೂ ಒಂದು ಶತಮಾನದ ಹಿಂದೆ ಕನ್ನಡ ನಾಡಿನಲ್ಲಿ ಎತ್ತಿನ ಹೆಗಲಿನಿಂದಲೋ ಮನುಷ್ಯನ ತೋಳಿನಿಂದಲೋ ನಡೆಯುತ್ತಿದ್ದುವು. ಇಂದು ಇವುಗಳಲ್ಲಿ ಬಹುಪಾಲು ವಿದ್ಯುಚ್ಚಾಲಕ ಯಂತ್ರದ, ಎಂದರೆ ಜನರು 'ಮೋಟಾರು' ಎಂದು ಕರೆಯುವ ಯಂತ್ರದ, ಸಹಾಯದಿಂದ ನಡೆಯುತ್ತವೆ. ಶಾಸನಗಳಲ್ಲಿ ಬರುವ ಕೆರೆ, ತೂಬು, ಏತ, ಗಾಣಗಳ ವಿಷಯವಾಗಿ ನಮ್ಮ ವಿದ್ವಾಂಸರು ಶ್ರಮವಹಿಸಿ ಬರೆದಿರುವರು. ಆ ಏತದ ಮತ್ತು ಗಾಣದ ಸ್ಥಾನವನ್ನು ಆಕ್ರಮಿಸಿದ ಯಂತ್ರವು ನಾಡಿಗೆ ಹೇಗೆ ಬಂದಿತು, ಇಲ್ಲಿಯೇ ಅದನ್ನು ಮಾಡುವ ಶಕ್ತಿ ಹೇಗೆ ಹುಟ್ಟಿತು ಎಂಬ ವಿಚಾರಕ್ಕೆ ಅಷ್ಟು ಗಮನ ದೊರೆತಿಲ್ಲ.

ಕರ್ಣಾಟಕದಲ್ಲಿ ಈ ವಿಚಾರಕ್ಕೆ ಮುಖ್ಯವಾದ ನಿದರ್ಶನವು 1946ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿ. ಒಂದು ಕಾರ್ಖಾನೆಯ ಚರಿತ್ರೆಯು ಅದರ ಅಸ್ತಿಭಾರವನ್ನು ಹಾಕಿದ ದಿನದಿಂದ ಮೊದಲಾಗುವುದೆಂದು ತಿಳಿಯುವುದು ವಾಡಿಕೆ. ವಸ್ತುತಃ ಅದು ಅದಕ್ಕಿಂತ ಬಹಳ ಹಿಂದೆಯೇ ಮೊದಲಾಗಿರುತ್ತದೆ. ಮೋಟಾರನ್ನು ತಿರುಗಿಸುವ ವಿದ್ಯುತ್ತು, ಅದನ್ನು ಮಾಡಬಲ್ಲ ಕೈ, ಅದನ್ನು ಬೇಡುವ ಬಳಕೆದಾರ, ಈ ಮೂರೂ ಕೂಡಿದಲ್ಲಿ ಮಾತ್ರವೇ ಕಾರ್ಖಾನೆಯು ನಿಲ್ಲುತ್ತದೆ. ಇವುಗಳಲ್ಲಿ ಯಾವುದೊಂದು ಸಡಿಲವಾದರೂ ದೊಡ್ಡ ಬಂಡವಾಳವಾಗಲಿ ಸರಕಾರದ ಆಶ್ರಯವಾಗಲಿ ಅದನ್ನು ಬಹುಕಾಲ ಕಾಪಾಡಲಾರದು. ಕಿರ್ಲೋಸ್ಕರ್ ಸಂಸ್ಥೆಯ ಕಥೆಯನ್ನೂ ಅದರ ನೆರೆಹೊರೆಯ ಎರಡು ಕಥೆಗಳನ್ನೂ ಕೂಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುವುದು.

೨

ಮೊದಲು ಯಂತ್ರದ ಸ್ವರೂಪವನ್ನು ತಿಳಿಯುವುದು ಉಚಿತ. ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಬಹುದೆಂಬುದನ್ನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1821ರಲ್ಲಿ ತೋರಿಸಿದನು. ಚಲಿಸುವ ಅಯಸ್ಕಾಂತದಿಂದ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು 1831ರಲ್ಲಿ ಕಂಡುಹಿಡಿದನು. ಇವೆರಡು ತತ್ತ್ವಗಳಿಂದ ಹುಟ್ಟಿದ ಮೊದಲ ಮೋಟಾರುಗಳು ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿನಿಂದ ನಡೆಯುತ್ತಿದ್ದುವು. ಅವುಗಳಲ್ಲಿ ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸಲು ಕುಂಚಗಳು ಬೇಕಾಗಿದ್ದುವು. ಕುಂಚಗಳು ಸವೆಯುತ್ತಿದ್ದುವು, ಕಿಡಿ ಹಾರುತ್ತಿತ್ತು, ಮೇಲ್ವಿಚಾರಣೆಗೆ ಪಳಗಿದ ಕೈ ಬೇಕಾಗುತ್ತಿತ್ತು.

1888ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸನೂ ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲನೂ ಪರ್ಯಾಯ ವಿದ್ಯುತ್ತಿನಿಂದ ತಿರುಗುವ ಕಾಂತಕ್ಷೇತ್ರವನ್ನು ಪಡೆಯುವ ಬಗೆಯನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು. ಮರುವರ್ಷ ಬರ್ಲಿನ್ ನಗರದ ಎ.ಇ.ಜಿ. ಸಂಸ್ಥೆಯ ಇಂಜನಿಯರಾದ ದೊಲಿವೊ-ದೊಬ್ರೊವೊಲ್ಸ್ಕಿ ಎಂಬವನು ಮೂರು ಫೇಸುಗಳ, ಪಂಜರದ ಆಕಾರದ ತಿರುಗುಭಾಗವುಳ್ಳ ಮೋಟಾರನ್ನು ನಿರ್ಮಿಸಿದನು. ಇಂದು ಹೊಲದಲ್ಲಿಯೂ ಗಿರಣಿಯಲ್ಲಿಯೂ ಕಾಣುವ ಮೋಟಾರು ಬಹುಮಟ್ಟಿಗೆ ಅದರ ಸಂತತಿಯೇ.

ಇದರಲ್ಲಿ ಎರಡು ಮುಖ್ಯ ಭಾಗಗಳು. ಹೊರಗಿನದು ಸ್ಥಿರಭಾಗ. ಸಿಲಿಕಾನ್ ಬೆರೆಸಿದ ಉಕ್ಕಿನ ತೆಳುವಾದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ, ಅವುಗಳ ಒಳ ಅಂಚಿನ ಗಾಡಿಗಳಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು ಇಟ್ಟಿರುತ್ತಾರೆ. ಒಳಗಿನದು ತಿರುಗುಭಾಗ. ಇದರಲ್ಲಿ ತಾಮ್ರದ ಅಥವಾ ಅಲ್ಯೂಮಿನಿಯಮಿನ ಸಲಾಕೆಗಳು ಎರಡು ಬಳೆಗಳ ನಡುವೆ ಪಂಜರದಂತೆ ಕೂಡಿಕೊಂಡಿರುತ್ತವೆ. ಒಳಭಾಗಕ್ಕೆ ಹೊರಗಿನಿಂದ ಯಾವ ತಂತಿಯೂ ಹೋಗುವುದಿಲ್ಲ. ಹೊರಸುರುಳಿಗಳಲ್ಲಿ ಹುಟ್ಟಿದ ಕಾಂತಕ್ಷೇತ್ರವು ಸುತ್ತುತ್ತಿರಲು ಪಂಜರದಲ್ಲಿ ತಾನಾಗಿಯೇ ವಿದ್ಯುತ್ತು ಪ್ರೇರಿತವಾಗಿ, ಪಂಜರವು ಆ ಕ್ಷೇತ್ರವನ್ನು ಹಿಂಬಾಲಿಸುತ್ತದೆ. ಸೆಕೆಂಡಿಗೆ 50 ಆವರ್ತನೆಗಳ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರವು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಪಂಜರವು ಸುಮಾರು 1440 ಸುತ್ತು ತಿರುಗುತ್ತದೆ. ಹೀಗೆ ತುಸು ಹಿಂದೆ ಬೀಳುವುದು ಕೊರತೆಯಲ್ಲ. ಪಂಜರವು ಕ್ಷೇತ್ರಕ್ಕೆ ಸರಿಸಮವಾಗಿ ಓಡಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದಿಲ್ಲ, ವಿದ್ಯುತ್ತಿಲ್ಲದೆ ಬಲವೂ ಇರುವುದಿಲ್ಲ.

ನೋಡುವುದಕ್ಕೆ ಇಷ್ಟು ಸರಳವಾದ ಯಂತ್ರವನ್ನು ಮಾಡುವುದು ಸರಳವಲ್ಲ. ಸಣ್ಣ ಮೋಟಾರುಗಳಲ್ಲಿ ಎರಡು ಭಾಗಗಳ ನಡುವಣ ಎಡೆಯು ಒಂದು ಮಿಲಿಮೀಟರಿಗಿಂತ ಕಡಮೆ. ಎರಕದಲ್ಲಿ ಕಣ್ಣು ಉಳಿದರೆ, ಕಡೆತದಲ್ಲಿ ಕೂದಲೆಳೆಯಷ್ಟು ವಕ್ರ ಬಂದರೆ, ತಂತಿಯ ಹೊದಿಕೆ ಒಂದು ಕಡೆ ಸುಲಿದರೆ, ಯಂತ್ರವು ಕೆಟ್ಟಂತೆಯೇ ಸರಿ. ಆದಕಾರಣ ಮೋಟಾರಿನ ಕಾರ್ಖಾನೆಗೆ ಎರಕದ ಮನೆ, ಲೇತು, ತಗಡು ಕತ್ತರಿಸುವ ಪ್ರೆಸ್ಸು, ಸುರುಳಿ ಸುತ್ತುವ ತಾಳ್ಮೆಯ ಕೈ, ಇವೆಲ್ಲವೂ ಏಕಕಾಲದಲ್ಲಿ ಬೇಕು.

೩

ಮೇಲೆ ಹೇಳಿದ ಮೂರರಲ್ಲಿ ಮೊದಲನೆಯದಾದ ವಿದ್ಯುತ್ತು ಮೈಸೂರು ಸಂಸ್ಥಾನಕ್ಕೆ ಬೇಗನೆ ದೊರೆಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಇಂಜನಿಯರ್ ಜೋಲಿ ದ ಲೋಟ್ಬಿನಿಯೇರ್ ಎಂಬವರ ಯೋಜನೆಯಂತೆ, ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುದಾಗಾರದ ಕೆಲಸ ನಡೆಯಿತು. 1902ರ ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಹರಿಯಿತು. ಆ ಕಾಲದಲ್ಲಿ ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದ ಮಾರ್ಗಗಳು ಲೋಕದಲ್ಲಿಯೇ ವಿರಳವಾಗಿದ್ದುವು. ಬೆಂಗಳೂರು ನಗರಕ್ಕೆ ವಿದ್ಯುದ್ದೀಪವು ಬಂದುದು 1905ರಲ್ಲಿ.

ಆದರೆ ಶಕ್ತಿಯು ಬಂದಷ್ಟು ಶೀಘ್ರವಾಗಿ ಯಂತ್ರವಿದ್ಯೆಯು ಬರಲಿಲ್ಲ. ವಿದ್ಯುಜ್ಜನಕಗಳು ಅಮೆರಿಕದಿಂದ ಬಂದುವು, ನೀರಿನ ಚಕ್ರಗಳು ಸ್ವಿಟ್ಸರ್ಲೆಂಡಿನಿಂದ ಬಂದುವು, ಶಕ್ತಿಯನ್ನು ಕೊಂಡವರು ಇಂಗ್ಲೆಂಡಿನ ಗಣಿ ಕಂಪೆನಿಗಳವರು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನೆಗಳದು. ಅಂತಹ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರವು ನಿಮಿಷಕ್ಕೆ 750 ಸುತ್ತು ಮಾತ್ರ ತಿರುಗುವುದು. 50 ಆವರ್ತನೆಗಳಿಗಾಗಿ ಮಾಡಿದ ಮೋಟಾರು ಅಲ್ಲಿ ಸಲ್ಲುವಂತಿರಲಿಲ್ಲ. ಶಕ್ತಿಯ ಜಾತಿಗೆ ತಕ್ಕ ಯಂತ್ರವನ್ನು ಆರಿಸಿಕೊಳ್ಳುವ ಅಧಿಕಾರವು ಬಳಸುವವನದಾಗಿರದೆ ಹೊರದೇಶದ ತಯಾರಕನದಾಗಿತ್ತೆಂಬುದಕ್ಕೆ ಇದೊಂದು ಉದಾಹರಣೆ.

1911ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಸಂಪದಭ್ಯುದಯ ಸಮಾಜವು ಹುಟ್ಟಿತು. ಕೈಗಾರಿಕೆ, ವ್ಯವಸಾಯ, ವಿದ್ಯಾಭ್ಯಾಸಗಳನ್ನು ಒಂದೇ ಚಾವಡಿಯಲ್ಲಿ ವಿಚಾರಿಸಿದ ಆ ಸಮಾಜದ ಆಶ್ರಯದಿಂದಲೇ 1915ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಮೂಡಿತೆಂಬುದು ಸಾಹಿತ್ಯಾಭ್ಯಾಸಿಗಳಿಗೆ ವಿದಿತವೇ ಇದೆ. ನುಡಿಯ ಅಭ್ಯುದಯವೂ ಕೈಗಾರಿಕೆಯ ಅಭ್ಯುದಯವೂ ಒಂದೇ ಸಂಕಲ್ಪದ ಎರಡು ಕವಲುಗಳಾಗಿದ್ದುವು. ಅದೇ ವರ್ಷ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವು ಮೊದಲಾಯಿತು. ನೀರಾವರಿಯಷ್ಟೇ ಅಲ್ಲದೆ ಶಿವನಸಮುದ್ರಕ್ಕೆ ವರ್ಷವಿಡೀ ನೀರನ್ನು ಒದಗಿಸುವುದೂ ಅದರ ಉದ್ದೇಶವಾಗಿತ್ತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸ ಮೊದಲುಮಾಡಿತು. 1933ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ವಿದ್ಯುತ್ ಕಾರ್ಖಾನೆಯು ಸ್ಥಾಪಿತವಾಗಿ ವಿದ್ಯುತ್ ಪರಿವರ್ತಕಗಳನ್ನು ಮಾಡತೊಡಗಿತು. ಹೀಗೆ ಮೂವತ್ತು ವರ್ಷಗಳಲ್ಲಿ ಶಕ್ತಿಯೂ ಲೋಹವೂ ಸಂಸ್ಥಾನದಲ್ಲಿ ಕೂಡಿಬಂದುವು. ಯಂತ್ರವನ್ನು ಮಾಡಬಲ್ಲ ಕೈಯು ಬಂದುದು ಬೇರೆ ದಿಕ್ಕಿನಿಂದ.

೪

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಕನ್ನಡ ನೆಲದ ಒಂದು ಸಣ್ಣ ಊರು. ಮರಾಠಿ ಸಂಗೀತ ನಾಟಕಕ್ಕೆ ಅಸ್ತಿಭಾರ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದುದು ಇಲ್ಲಿಯೇ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದುದೂ ಇಲ್ಲಿಯೇ. ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದ ಲಕ್ಷ್ಮಣರಾಯರ ಮನಸ್ಸು ಯಂತ್ರಗಳ ರೇಖಾಚಿತ್ರದ ಕಡೆಗೆ ತಿರುಗಿತು. ಅಲ್ಲಿನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅವರು ಉಪಾಧ್ಯಾಯರಾದರು. ಕಿರ್ಲೋಸ್ಕರ್ ಮನೆತನದ ಉದ್ಯಮವು ತನ್ನ ಕಾಲಗಣನೆಯನ್ನು 1888ರಿಂದ, ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ, ಆರಂಭಿಸುತ್ತದೆ. ತಿರುಗುವ ಕಾಂತಕ್ಷೇತ್ರದ ಶೋಧವು ಪ್ರಕಟವಾದುದೂ ಅದೇ ವರ್ಷವೆಂಬುದು ಕಾಕತಾಳೀಯವಾದರೂ ನೆನಪಿಡತಕ್ಕದ್ದು. ಆ ಶೋಧವು ಆ ಅಂಗಡಿಯ ವಾರಸುದಾರರ ಕೈಸೇರುವುದಕ್ಕೆ ಐವತ್ತೆಂಟು ವರ್ಷಗಳು ಹಿಡಿದುವು.

ಸೈಕಲ್ ಅಂಗಡಿಯ ತರುವಾಯ ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರವನ್ನೂ, 1903ರಲ್ಲಿ ಕಬ್ಬಿಣದ ನೇಗಿಲನ್ನೂ ಮಾಡಿದರು. ಕಬ್ಬಿಣವು ನೆಲಕ್ಕೆ ವಿಷವೆಂಬ ನಂಬಿಕೆಯು ರೈತರಲ್ಲಿ ಬಲವಾಗಿದ್ದುದರಿಂದ ಮೊದಲ ಕೆಲವು ನೇಗಿಲುಗಳು ಮಾರಾಟವಾಗುವುದಕ್ಕೆ ಎರಡು ವರ್ಷಗಳಾದುವು. ಈ ಎರಡು ವರ್ಷಗಳನ್ನು ಸಂಸ್ಥೆಯ ನಿಜವಾದ ವಿದ್ಯಾಭ್ಯಾಸದ ಕಾಲವೆನ್ನಬಹುದು. ವಸ್ತುವು ಚೆನ್ನಾಗಿದ್ದರೆ ಸಾಲದು, ಕೊಳ್ಳುವವನ ಸಂದೇಹವನ್ನೂ ಅವನ ನೆಲದ ಗುಣವನ್ನೂ ತಯಾರಕನು ಅರಿತಿರಬೇಕೆಂಬ ಪಾಠವು ಅಲ್ಲಿ ದೊರೆಯಿತು.

1910ರಲ್ಲಿ ಬೆಳಗಾವಿಯ ಪುರಸಭೆಯವರು ಊರಿನ ವಿಸ್ತರಣಕ್ಕಾಗಿ ಕಾರ್ಖಾನೆಯ ನೆಲವನ್ನು ತೆರವುಮಾಡಿಸಿದರು. ಔಂಧ್ ಸಂಸ್ಥಾನದ ಅಧಿಪತಿಗಳು ಕುಂಡಲದ ಬಳಿ, ರೈಲಿನ ದಾರಿಯ ಪಕ್ಕದಲ್ಲಿ, ಕಳ್ಳಿ ಬೆಳೆದ ಬಯಲನ್ನು ಕೊಟ್ಟರು. ಅಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ನೇಗಿಲಿನಿಂದ ಕಬ್ಬಿನ ಗಾಣ, ಕಡಲೆಕಾಯಿ ಸುಲಿಯುವ ಯಂತ್ರ, ಕೈಪಂಪು, ತರುವಾಯ 1926ರ ಹೊತ್ತಿಗೆ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪು, ಹೀಗೆ ಒಂದರಿಂದ ಒಂದು ಬೆಳೆಯಿತು. ಪಂಪು ಬಂದ ಮೇಲೆ ಅದನ್ನು ತಿರುಗಿಸುವುದು ಯಾವುದು ಎಂಬ ಪ್ರಶ್ನೆಯು ತಾನಾಗಿಯೇ ಬಂದಿತು. ಎತ್ತಿನಿಂದ ಅದು ತಿರುಗಲಾರದು. ನಿಮಿಷಕ್ಕೆ ಸಾವಿರಕ್ಕೂ ಮೀರಿದ ಸುತ್ತು ಬೇಕು. ಎಣ್ಣೆಯ ಇಂಜಿನು ಅಥವಾ ಮೋಟಾರು, ಎರಡೇ ದಾರಿ. ನೇಗಿಲಿನ ಗೆರೆಯನ್ನು ಹಿಡಿದು ನಡೆದವರು ಹೀಗೆ ಮೋಟಾರಿನ ಬಾಗಿಲಿಗೆ ಬಂದು ಮುಟ್ಟಿದರು.

1941ರಲ್ಲಿ, ಯುದ್ಧದಿಂದ ವಿದೇಶದ ಯಂತ್ರಗಳು ಬಾರದೆ ನಿಂತಿದ್ದ ಸಮಯದಲ್ಲಿ, ಮೈಸೂರು ಸರಕಾರದ ಸಹಕಾರದೊಡನೆ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಸಂಸ್ಥೆಯು ಲೇತುಗಳನ್ನು ಮಾಡುವುದಕ್ಕಾಗಿ ಸ್ಥಾಪಿತವಾಯಿತು. ಆ ಬಡಾವಣೆಗೆ ಯಂತ್ರಾಪುರವೆಂದೇ ಹೆಸರಾಯಿತು. ಯಂತ್ರವನ್ನು ಮಾಡುವ ಯಂತ್ರವು ಲೇತು. ಅದು ನಾಡಿನಲ್ಲಿಯೇ ಸಿದ್ಧವಾದುದು ಮೋಟಾರಿನ ಕಾರ್ಖಾನೆಗೆ ಕೊನೆಯ ಮೆಟ್ಟಿಲಾಯಿತು. ಬೆಳಗಾವಿಯಿಂದ ಹೊರಟ ಉದ್ಯಮವು ಮೂವತ್ತೊಂದು ವರ್ಷಗಳ ಮೇಲೆ ಕನ್ನಡ ನೆಲಕ್ಕೆ ಮರಳಿ ಬಂದಿತೆಂಬುದೂ ಇಲ್ಲಿ ಗಮನಾರ್ಹ.

೫

ಲಕ್ಷ್ಮಣರಾಯರ ಮಗ ರವಿ ಕಿರ್ಲೋಸ್ಕರರು 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿಯನ್ನು ಸ್ಥಾಪಿಸಿದರು. ಅದೇ ವರ್ಷ ಪುಣೆಯಲ್ಲಿ ಎಣ್ಣೆಯ ಇಂಜಿನುಗಳ ಕಾರ್ಖಾನೆಯೂ ಮೊದಲಾಯಿತು; ಪಂಪಿನ ಎರಡು ದಾರಿಗಳನ್ನೂ ಮನೆತನವು ಒಮ್ಮೆಗೇ ಹಿಡಿಯಿತೆಂದಾಯಿತು. ಬೆಂಗಳೂರನ್ನು ಆರಿಸಿದುದಕ್ಕೆ ಇಲ್ಲಿನ ಅಗ್ಗವಾದ ವಿದ್ಯುತ್ತು, ತಾಂತ್ರಿಕ ವಿದ್ಯಾಲಯಗಳು, ಹರಿಹರದ ಸಾಮೀಪ್ಯ, ಇವು ಸಾಕಷ್ಟು ಕಾರಣಗಳಾಗಿದ್ದುವು. ಇಂಗ್ಲೆಂಡಿನ ಬ್ರಷ್ ಸಮೂಹದವರೊಡನೆ ತಾಂತ್ರಿಕ ಸಹಕಾರದ ಒಪ್ಪಂದವಾಯಿತು. ವಿನ್ಯಾಸದ ನಕಾಶೆಗಳು ಅಲ್ಲಿಂದ ಬಂದುವು. ಮಾಡುವ ಕೈ ಇಲ್ಲಿಯದು.

ಸ್ವಾತಂತ್ರ್ಯದ ತರುವಾಯದ ಎರಡು ದಶಕಗಳು ಇಂತಹ ಕಾರ್ಖಾನೆಗೆ ಅನುಕೂಲವಾಗಿದ್ದುವು. 1948ರಲ್ಲಿ ಜೋಗದ ವಿದ್ಯುತ್ತು ಬಂದಿತು. ಪಂಚವಾರ್ಷಿಕ ಯೋಜನೆಗಳಲ್ಲಿ ಗಿರಣಿಗಳೂ ಸಿಮೆಂಟು ಮತ್ತು ಸಕ್ಕರೆಯ ಕಾರ್ಖಾನೆಗಳೂ ಹೆಚ್ಚಿದುವು. ಆಮದಿನ ಮೇಲೆ ಕಟ್ಟುನಿಟ್ಟು ಇದ್ದುದರಿಂದ ದೇಶದ ಮೋಟಾರಿಗೆ ಬೇಡಿಕೆ ನಿಶ್ಚಿತವಾಗಿತ್ತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣಕ್ಕಾಗಿ ಕೇಂದ್ರದ ಪ್ರತ್ಯೇಕ ನಿಗಮವು ಹುಟ್ಟಿದ ಮೇಲೆ ಹಳ್ಳಿಯ ಬಾವಿಯೂ ಮಾರುಕಟ್ಟೆಯ ಒಳಗೆ ಬಂದಿತು. ಸಂಸ್ಥೆಯು ಮೋಟಾರುಗಳೊಡನೆ ವಿದ್ಯುಜ್ಜನಕಗಳನ್ನೂ ಪರಿವರ್ತಕಗಳನ್ನೂ ವಿದ್ಯುತ್ತನ್ನು ಕಡಿದು ಕೂಡಿಸುವ ಸಲಕರಣೆಗಳನ್ನೂ ಮಾಡತೊಡಗಿತು. ಬೆಂಗಳೂರಿನಿಂದಾಚೆಗೆ ಹುಬ್ಬಳ್ಳಿ, ಮೈಸೂರು, ತುಮಕೂರುಗಳಲ್ಲಿಯೂ ಕಾರ್ಖಾನೆಗಳನ್ನು ತೆರೆಯಿತು.

1991ರ ಆರ್ಥಿಕ ನೀತಿಯಿಂದ ಆಮದಿನ ಕಟ್ಟು ಸಡಿಲವಾದಾಗ ಕಾಲವು ತಿರುಗಿತು. ಹೊರದೇಶದ ದೊಡ್ಡ ಸಂಸ್ಥೆಗಳು ಒಂದು ಕಡೆ, ಬೆಲೆಯೊಂದನ್ನೇ ನಂಬಿದ ಸಣ್ಣ ತಯಾರಕರು ಮತ್ತೊಂದು ಕಡೆ, ಇವರ ನಡುವೆ ಹಳೆಯ ಸಂಸ್ಥೆಗಳು ಇಕ್ಕಟ್ಟಿಗೆ ಸಿಲುಕಿದುವು. ಹರಿಹರದ ಲೇತಿನ ಕಾರ್ಖಾನೆಯು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ಬೆಂಗಳೂರಿನಲ್ಲಿ ನೆಲದ ಬೆಲೆಯು ಏರಿದಂತೆ ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ನೆಲದ ಒಂದು ಭಾಗದ ಮೇಲೆ ವಸತಿಯ ಮತ್ತು ವ್ಯಾಪಾರದ ಎತ್ತರದ ಕಟ್ಟಡಗಳು ಎದ್ದುವು. ಒಮ್ಮೆ ಪುರಸಭೆಯ ಆಜ್ಞೆಯಿಂದ ಆದ ಸ್ಥಾನಪಲ್ಲಟವು ಈಗ ನೆಲದ ಬೆಲೆಯಿಂದಲೇ ಆಯಿತು. ಆದರೂ ಮೋಟಾರಿನ ಕೆಲಸವು ನಿಲ್ಲದೆ ನಡೆದುಬಂದಿದೆ.

೬

ಈ ಚರಿತ್ರೆಯ ಅರ್ಥವು ಎರಡು ಹೋಲಿಕೆಗಳಿಂದ ಸ್ಫುಟವಾಗುವುದು. ಮೊದಲನೆಯದು ಕೊಯಮತ್ತೂರು. ಕಿರ್ಲೋಸ್ಕರ್ ಕಾರ್ಖಾನೆಗಿಂತ ಒಂಬತ್ತು ವರ್ಷ ಮೊದಲೇ, 1937ರಲ್ಲಿ, ಅಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಎಂಬವರು ದೇಶೀಯವಾದ ಮೋಟಾರನ್ನು ಸಿದ್ಧಪಡಿಸಿದರು. ಅಲ್ಲಿಯೂ ಮೂರು ಅಂಗಗಳು ಕೂಡಿದ್ದುವು: 1930ರ ದಶಕದ ಆದಿಯಲ್ಲಿ ನೀಲಗಿರಿಯ ಪೈಕಾರದಿಂದ ಬಂದ ವಿದ್ಯುತ್ತು, ಹತ್ತಿಯ ಗಿರಣಿಗಳ ದುರಸ್ತಿಯ ಕೆಲಸದಲ್ಲಿ ಪಳಗಿದ ಎರಕದ ಮನೆಗಳು, ಮಳೆ ಕಡಮೆಯಾದ ನೆಲದಲ್ಲಿ ಆಳವಾದ ಬಾವಿಗಳನ್ನು ನಂಬಿದ ರೈತರು. ಒಂದು ದೊಡ್ಡ ಸಂಸ್ಥೆಯ ಬದಲಿಗೆ ನೂರಾರು ಸಣ್ಣ ಕಾರ್ಖಾನೆಗಳು ಹುಟ್ಟಿ, ಮೋಟಾರು ಮತ್ತು ಪಂಪುಗಳಿಗೆ ಆ ಊರು ದೇಶಕ್ಕೆಲ್ಲ ಹೆಸರಾಯಿತು. ತಯಾರಕನ ಅಂಗಳದಿಂದ ರೈತನ ಬಾವಿಯವರೆಗೆ ಅಲ್ಲಿ ದೂರವಿರಲಿಲ್ಲ. ಕೆಟ್ಟ ಮೋಟಾರು ಮರುದಿನವೇ ಮಾಡಿದವನ ಬಾಗಿಲಿಗೆ ಬರುತ್ತಿತ್ತು.

ಎರಡನೆಯದು ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿದ್ದ ಎನ್.ಜಿ.ಇ.ಎಫ್., ಎಂದರೆ ಹೊಸ ಸರಕಾರಿ ವಿದ್ಯುತ್ ಕಾರ್ಖಾನೆ. 1950ರ ದಶಕದಲ್ಲಿ ಯೋಜಿತವಾಗಿ 1965ರಲ್ಲಿ ಕಂಪೆನಿಯ ರೂಪವನ್ನು ಪಡೆದ ಈ ಸಂಸ್ಥೆಗೆ ಸಹಕಾರವನ್ನಿತ್ತವರು ಜರ್ಮನಿಯ ಎ.ಇ.ಜಿ. ಸಂಸ್ಥೆಯವರು. ಮೂರು ಫೇಸಿನ ಪಂಜರದ ಮೋಟಾರನ್ನು 1889ರಲ್ಲಿ ಲೋಕಕ್ಕೆ ಕೊಟ್ಟ ಸಂಸ್ಥೆಯು ಅದೇ ಎಂಬುದನ್ನು ಮೇಲೆ ಹೇಳಿದೆ. ವಿದ್ಯೆಗೆ ಇದಕ್ಕಿಂತ ಉತ್ತಮವಾದ ಮೂಲವಿಲ್ಲ. ವಿಸ್ತಾರವಾದ ನೆಲವಿತ್ತು, ಸರಕಾರದ ಬಂಡವಾಳವಿತ್ತು, ಸಾವಿರಾರು ಕುಶಲ ಕೆಲಸಗಾರರಿದ್ದರು. ಅದರ ಮೋಟಾರುಗಳು ಒಳ್ಳೆಯ ಹೆಸರನ್ನು ಪಡೆದಿದ್ದುವು. ಹೀಗಿದ್ದರೂ 1990ರ ದಶಕದಲ್ಲಿ ನಷ್ಟದ ಮೇಲೆ ನಷ್ಟ ಬಂದು, ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆಯು ಮುಚ್ಚಿಹೋಯಿತು.

ಕೊರತೆಯಾದುದು ಮೂರನೆಯ ಅಂಗದಲ್ಲಿ. ಪರಿವರ್ತಕಗಳಂತಹ ದೊಡ್ಡ ಸಾಮಗ್ರಿಗಳಿಗೆ ಸರಕಾರದ ವಿದ್ಯುಚ್ಛಕ್ತಿ ಮಂಡಲಿಗಳೇ ಗಿರಾಕಿಗಳಾಗಿರುವಲ್ಲಿ ತಯಾರಕನು ಬಳಸುವವನ ಮುಖವನ್ನು ನೋಡುವುದೇ ಇಲ್ಲ. ಟೆಂಡರಿನ ಕಾಗದವನ್ನು ಮಾತ್ರ ನೋಡುತ್ತಾನೆ. ಕಟ್ಟುನಿಟ್ಟಿನ ಕಾಲವು ಮುಗಿದು ಗಿರಾಕಿಯು ಬೇರೆ ಅಂಗಡಿಯ ಕಡೆಗೆ ತಿರುಗಿದಾಗ ಅವನನ್ನು ಮರಳಿ ಕರೆಯುವ ದಾರಿ ತಿಳಿಯುವುದಿಲ್ಲ. ಕಿರ್ಲೋಸ್ಕರರು ನೇಗಿಲಿನ ಕಾಲದಲ್ಲಿ ಎರಡು ವರ್ಷಗಳ ಸೋಲಿನಿಂದ ಕಲಿತ ಪಾಠವು ಎನ್.ಜಿ.ಇ.ಎಫ್. ಸಂಸ್ಥೆಗೆ ಕಲಿಯಲು ಒದಗಲೇ ಇಲ್ಲ. ಇದರಿಂದ ಸರಕಾರದ ಕಾರ್ಖಾನೆಗಳೆಲ್ಲವೂ ಬೀಳತಕ್ಕವು, ಖಾಸಗಿಯವೆಲ್ಲವೂ ಬಾಳತಕ್ಕವು ಎಂಬ ಸಿದ್ಧಾಂತವು ಬಾರದು. ಹರಿಹರದ ಖಾಸಗಿ ಕಾರ್ಖಾನೆಯೂ ಬಿದ್ದಿತು. 1933ರ ಸರಕಾರಿ ವಿದ್ಯುತ್ ಕಾರ್ಖಾನೆಯಾದರೋ 1976ರಲ್ಲಿ ಕರ್ನಾಟಕ ವಿದ್ಯುತ್ ಕಾರ್ಖಾನೆ ಎಂಬ ಹೆಸರಿನ ಕಂಪೆನಿಯಾಗಿ ಮುಂದುವರಿಯಿತು. ಒಡೆತನವು ಯಾರದೆಂಬುದಕ್ಕಿಂತ ಬಳಕೆದಾರನೊಡನೆ ಸಂಬಂಧವು ಎಂತಹದೆಂಬುದೇ ಮುಖ್ಯ.

೭

ಬಳಕೆದಾರನ ಕಡೆಯಿಂದ ಈ ಚರಿತ್ರೆಯನ್ನು ನೋಡುವುದಕ್ಕೆ ಕಾರ್ಖಾನೆಗಳಿಂದ ದೂರವಾದ ಪ್ರದೇಶವೇ ತಕ್ಕುದು. ರಾಜ್ಯದ ಈಶಾನ್ಯದ ಮೂಲೆಯಲ್ಲಿರುವ ಬೀದರ ಜಿಲ್ಲೆಯು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಶಿವನಸಮುದ್ರದ ಬೆಳಕೂ ಸಂಪದಭ್ಯುದಯ ಸಮಾಜದ ಕಾರ್ಯವೂ ಅಲ್ಲಿಗೆ ಮುಟ್ಟಿದುವಲ್ಲ. ಯಂತ್ರಕೌಶಲಕ್ಕೆ ಬೇಕಾದ ಬುದ್ಧಿಯು ಅಲ್ಲಿ ಇರಲಿಲ್ಲವೆಂದಲ್ಲ. ಬೀದರ ಪಟ್ಟಣದ ಬಳಿ ನೌಬಾದದ ಸುರಂಗ ಬಾವಿಯು ಬಹಮನಿ ಸುಲ್ತಾನರ ಕಾಲದ್ದು; ನೆಲದೊಳಗೆ ಕಾಲುವೆ ತೋಡಿ, ಎತ್ತುವ ಶ್ರಮವಿಲ್ಲದೆ, ಇಳಿಜಾರಿನ ಬಲದಿಂದಲೇ ನೀರನ್ನು ಹರಿಸಿದ ಕಟ್ಟಡವದು. ಸತು ಮತ್ತು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಎಳೆಯನ್ನು ಕೂರಿಸುವ ಬಿದರಿಯ ಕೆಲಸಗಾರನ ಕೈಯು ಯಾವ ಮೋಟಾರಿನ ಸುರುಳಿಗೂ ಸೋಲುವಂತಹದಲ್ಲ. ಕೈಯಿದ್ದರೂ ಶಕ್ತಿಯು ಬಾರದಿದ್ದುದರಿಂದ ಮೋಟಾರಿನ ಚರಿತ್ರೆಯಲ್ಲಿ ಬೀದರವು ಮಾಡುವ ನಾಡಾಗಿ ಬಾರದೆ ಕೊಳ್ಳುವ ನಾಡಾಗಿ ಬಂದಿದೆ.

ಔರಾದ ತಾಲ್ಲೂಕಿನ ಸಂತಪುರ, ಭಾಲ್ಕಿಯ ಸುತ್ತಣ ಹಳ್ಳಿಗಳು, ಇಂತಹ ಕಡೆಗಳಲ್ಲಿ ಹಿಂದೆ ಬಾವಿಯ ನೀರನ್ನು ಎತ್ತಿದುದು ಎತ್ತುಗಳು ಎಳೆಯುವ ತೊಗಲಿನ ಚೀಲ. ಹಳೆಯ ಮೈಸೂರಿನಲ್ಲಿ ಅದು ಕಪಿಲೆ, ಮರಾಠಿ ನೆರೆಯಲ್ಲಿ ಮೋಟ. ಒಂದು ಜೊತೆ ಎತ್ತುಗಳು ಎಡೆಬಿಡದೆ ಕೊಡಬಲ್ಲ ಬಲವು ಸುಮಾರು ಒಂದು ಅಶ್ವಶಕ್ತಿ, ಎಂದರೆ 746 ವ್ಯಾಟು. ಐದು ಅಶ್ವಶಕ್ತಿಯ ಮೋಟಾರು ಐದು ಜೊತೆ ಎತ್ತುಗಳಿಗೆ ಸಮ. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಅರ್ಧ ಬಲವು ವ್ಯಯವಾದರೂ 20 ಮೀಟರು ಆಳದಿಂದ ಸೆಕೆಂಡಿಗೆ ಸುಮಾರು 9 ಲೀಟರು ನೀರನ್ನು ಅದು ಎತ್ತಬಲ್ಲದು. ಕಬ್ಬಿನ ಬೆಳೆಯೂ ಸಕ್ಕರೆಯ ಕಾರ್ಖಾನೆಗಳೂ ಈ ಜಿಲ್ಲೆಯಲ್ಲಿ ಹಬ್ಬಿರುವುದಕ್ಕೆ ಇದು ದೊಡ್ಡ ಆಧಾರ.

ಆದರೆ ವಿದ್ಯುತ್ತಿನ ದಾರಿಯ ಕೊನೆಯಲ್ಲಿರುವ ಹಳ್ಳಿಯ ಸ್ಥಿತಿ ಬೇರೆ. 415 ವೋಲ್ಟು ಬರಬೇಕಾದಲ್ಲಿ ಒತ್ತಡವು ನೂರಕ್ಕೆ ಎಂಬತ್ತರಷ್ಟಕ್ಕೆ ಇಳಿದು 332 ವೋಲ್ಟಾದರೆ, ಮೋಟಾರಿನ ತಿರುಗುಬಲವು ಆ ಇಳಿತದ ವರ್ಗದಂತೆ ನೂರಕ್ಕೆ 64ಕ್ಕೆ ಇಳಿಯುತ್ತದೆ. ಭಾರವು ಇದ್ದಷ್ಟೇ ಇರುವುದರಿಂದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆದು ಕಾಯುತ್ತದೆ. ಸುರುಳಿಯ ಕಾವು ಪ್ರತಿ 10 ಡಿಗ್ರಿ ಏರಿದಂತೆ ಅದರ ಹೊದಿಕೆಯ ಆಯುಸ್ಸು ಸುಮಾರು ಅರ್ಧವಾಗುವುದೆಂಬುದು ಇಂಜನಿಯರರ ಅನುಭವದ ಸೂತ್ರ. ಇಂತಿರಲು ಮೋಟಾರು ಸುಡುತ್ತದೆ. ತಾಲ್ಲೂಕು ಪೇಟೆಯ ರೀವೈಂಡಿಂಗ್ ಅಂಗಡಿಯಲ್ಲಿ ಅದಕ್ಕೆ ಹೊಸ ತಂತಿಯನ್ನು ಸುತ್ತುತ್ತಾರೆ. ಹಳೆಯ ತಂತಿಯನ್ನು ತೆಗೆಯಲು ಬೆಂಕಿಯಿಟ್ಟಾಗ ಉಕ್ಕಿನ ತಗಡುಗಳ ನಡುವಣ ಲೇಪವು ಕೆಡುತ್ತದೆ. ಮೋಟಾರು ತಿರುಗುತ್ತದೆ, ಆದರೆ ಮೊದಲಿಗಿಂತ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಈ ನಷ್ಟವು ರೈತನ ಲೆಕ್ಕಕ್ಕೆ ಬಾರದು. ಹೀಗಾಗಿ ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವ ಉತ್ತಮ ಮೋಟಾರಿಗೆ ಹೊಲದಲ್ಲಿ ಬೇಡಿಕೆ ಹುಟ್ಟುವುದಿಲ್ಲ, ಅಗ್ಗದ್ದೇ ಗೆಲ್ಲುತ್ತದೆ. ಬಳಕೆದಾರನ ತಿಳಿವಳಿಕೆಯೇ ತಯಾರಕನ ಗುಣವನ್ನು ಕಾಯುವುದೆಂಬ ಮಾತಿಗೆ ಇದು ವಿಲೋಮ ನಿದರ್ಶನ.

೮

ಕೊನೆಯದಾಗಿ ನುಡಿಯ ವಿಚಾರ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದ ಕಾಲದಿಂದಲೂ ಶಾಸ್ತ್ರಪದಗಳನ್ನು ಸಂಸ್ಕೃತದಿಂದ ಕಟ್ಟುವ ಶ್ರಮವು ನಡೆದುಬಂದಿದೆ. ಪಠ್ಯಪುಸ್ತಕಗಳಲ್ಲಿ ಅವು ನಿಂತಿವೆ. ಕಾರ್ಖಾನೆಯಲ್ಲಿಯೂ ರೀವೈಂಡಿಂಗ್ ಅಂಗಡಿಯಲ್ಲಿಯೂ ಹೊಲದಲ್ಲಿಯೂ ಬೇರೊಂದು ಕನ್ನಡವು ಬೆಳೆದಿದೆ: ಶಾಫ್ಟು, ಬೇರಿಂಗು, ಕಾಯಿಲು, ಸ್ಟಾರ್ಟರು, ಫೇಸು. ಪದಗಳು ಹೊರಗಿನವು, ವಾಕ್ಯವು ಕನ್ನಡದ್ದೇ. 'ಮೋಟಾರು ಸುಟ್ಟಿತು', 'ಒಂದು ಫೇಸು ಹೋಗಿದೆ', 'ಕರೆಂಟು ಎಳೆಯುತ್ತದೆ' ಎಂಬ ಮಾತುಗಳಲ್ಲಿ ಕ್ರಿಯಾಪದಗಳು ಎತ್ತಿನ ಮತ್ತು ಒಲೆಯ ಕಾಲದವು. ಕಬ್ಬಿಣದ ನೇಗಿಲನ್ನು ಸಂದೇಹಿಸಿದ ರೈತನು ಕಡೆಗೆ ಅದನ್ನು ತನ್ನದಾಗಿ ಮಾಡಿಕೊಂಡ ಬಗೆಯೂ ಇದೇ: ಹೊರಗಿನ ವಸ್ತುವನ್ನು ತನ್ನ ಕೆಲಸದ ಕಟ್ಟಿನೊಳಕ್ಕೆ ಸೇರಿಸಿಕೊಂಡನು.

ಈ ಪದಗಳನ್ನು ಅಶುದ್ಧವೆಂದು ತಳ್ಳಿದರೆ ಒಂದು ಶತಮಾನದ ಶ್ರಮದ ದಾಖಲೆಯನ್ನು ತಳ್ಳಿದಂತಾಗುವುದು. ಗಾಣಕ್ಕೂ ಏತಕ್ಕೂ ಸಂಬಂಧಿಸಿದ ಹಳೆಯ ಪದಗಳನ್ನು ಶಾಸನಗಳಿಂದ ಆರಿಸಿ ಕೋಶದಲ್ಲಿ ಸೇರಿಸಿರುವಂತೆ, ಮೋಟಾರಿನ ಕೆಲಸಗಾರರ ಪದಗಳನ್ನೂ ಅವರು ಬಾಳಿರುವಾಗಲೇ ಸಂಗ್ರಹಿಸುವುದು ಅವಶ್ಯಕ. ಹರಿಹರದ ಯಂತ್ರಾಪುರದಲ್ಲಿಯೂ ಬೈಯಪ್ಪನಹಳ್ಳಿಯಲ್ಲಿಯೂ ದುಡಿದವರು ಇಂದು ವೃದ್ಧರಾಗಿದ್ದಾರೆ. ಕಾರ್ಖಾನೆಯ ಯಂತ್ರಗಳು ಹರಾಜಿನಲ್ಲಿ ಹೋಗುತ್ತವೆ, ನೆಲವು ಬೇರೊಬ್ಬರದಾಗುತ್ತದೆ. ಕೈಯ ಅರಿವೂ ಅದರ ಮಾತೂ ಕೆಲಸಗಾರನೊಡನೆಯೇ ಹೋಗುತ್ತವೆ. 1911ರ ಸಮಾಜದಲ್ಲಿ ಒಂದಾಗಿದ್ದ ಎರಡು ಅಭ್ಯುದಯಗಳು ಬೇರೆಬೇರೆಯಾದುದರಿಂದ ಆದ ನಷ್ಟವನ್ನು ತುಂಬಿಕೊಳ್ಳುವುದಕ್ಕೆ ಇಂತಹ ಸಂಗ್ರಹವು ಮೊದಲ ಕೆಲಸವಾಗತಕ್ಕದ್ದು.